ಹಳೆಯ ರೇಡರ್‌ಗೆ ಎಷ್ಟು ಕೊಡಬೇಕು?

ಪ್ರೊ ಕಬಡ್ಡಿ ಹರಾಜು ಹತ್ತಿರ ಬಂದಾಗ ಏಳುವ ಪ್ರಶ್ನೆಯೇ ಊರ ಜಾತ್ರೆಯ ಪಂದ್ಯಾವಳಿಗೆ ತಂಡ ಕಟ್ಟುವಾಗಲೂ ಏಳುತ್ತದೆ. ಒಂದು ಕಾಲಕ್ಕೆ ದೊಡ್ಡ ಹೆಸರು ಮಾಡಿದ, ಈಗ ಯಾವ ತಂಡದ ಕಟ್ಟಿಗೂ ಒಳಪಡದ ಹಳೆಯ ಆಟಗಾರ ಸಿಗುತ್ತಿದ್ದಾನೆ. ಅವನನ್ನು ತಗೊಳ್ಳಬೇಕೋ, ಬಿಡಬೇಕೋ? ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಕಬಡ್ಡಿ ಪ್ರಿಯರಲ್ಲಿ ಇದಕ್ಕೆ ಎರಡೇ ಉತ್ತರ. ಒಂದು ಗುಂಪು, ‘ಹಳೇ ಹುಲಿ, ಒಮ್ಮೆ ಎದ್ದರೆ ಸಾಕು’ ಎನ್ನುತ್ತದೆ. ಇನ್ನೊಂದು, ‘ಮುಗಿದ ಆಟಗಾರ, ರೊಕ್ಕ ದಂಡ’ ಎನ್ನುತ್ತದೆ. ಎರಡೂ ಗುಂಪು ಮಾತಾಡುವುದು ಆಟಗಾರನ ಬಗ್ಗೆ ಮಾತ್ರ. ಕೊಳ್ಳುವ ತಂಡದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಉತ್ತರ ಇರುವುದು ಅಲ್ಲಿಯೇ. ಹಳೆಯ ಆಟಗಾರನನ್ನು ಕೊಳ್ಳುವುದು ತಪ್ಪಲ್ಲ. ಆದರೆ ಕೊಳ್ಳುವ ಮೊದಲು ತಂಡದಲ್ಲಿ ಖಾಲಿ ಇರುವ ಜಾಗ ಯಾವುದೆಂದು ಹೇಳಲು ಬರಬೇಕು, ಆ ಜಾಗ ವಯಸ್ಸನ್ನು ತಾಳಿಕೊಳ್ಳುವಂಥದ್ದಾಗಿರಬೇಕು. ಕಬಡ್ಡಿಯಲ್ಲಿ ಅಂಥ ಜಾಗ ಡಿಫೆನ್ಸ್‌ನಲ್ಲಿದೆ. ಮುಖ್ಯ ರೇಡರ್‌ನ ಜಾಗ ಅಂಥದ್ದಲ್ಲ.

ನಮ್ಮ ರಾಜ್ಯದ ತಂಡವೇ ಇದಕ್ಕೆ ಉದಾಹರಣೆ ಒದಗಿಸಿದೆ. 2024ರ ಆಗಸ್ಟ್‌ನಲ್ಲಿ ಮುಂಬೈನಲ್ಲಿ ನಡೆದ 11ನೇ ಸೀಸನ್‌ನ ಹರಾಜಿನಲ್ಲಿ ಬೆಂಗಳೂರು ಬುಲ್ಸ್ 70 ಲಕ್ಷ ರೂಪಾಯಿ ಕೊಟ್ಟು ಪರ್ದೀಪ್ ನರ್ವಾಲ್ ಅವರನ್ನು ಖರೀದಿಸಿತು. ಹರಿಯಾಣದ ಸೋನಿಪತ್ ಜಿಲ್ಲೆಯ ರಿಂಢಾಣಾ ಗ್ರಾಮದ ಈ ಹುಡುಗ 2015ರಲ್ಲಿ, ಎರಡನೇ ಸೀಸನ್‌ನಲ್ಲಿ, ಪ್ರೊ ಕಬಡ್ಡಿಗೆ ಕಾಲಿಟ್ಟದ್ದೇ ಬುಲ್ಸ್ ಅಂಗಿ ತೊಟ್ಟು. ಆಗ ಅವರಿಗೆ ಹೆಚ್ಚು ಅವಕಾಶ ಸಿಗಲಿಲ್ಲ. ಮುಂದಿನ ಸೀಸನ್‌ನಲ್ಲಿ ಪಟ್ನಾ ಪೈರೇಟ್ಸ್ ಸೇರಿದರು. ಪಟ್ನಾ ಸತತ ಮೂರು ಬಾರಿ ಚಾಂಪಿಯನ್ ಆಯಿತು. 2017ರ ಐದನೇ ಸೀಸನ್‌ನಲ್ಲಿ ಅವರೊಬ್ಬರೇ ಗಳಿಸಿದ ರೇಡ್ ಅಂಕ 369. ಅದೇ ಸೀಸನ್‌ನ ಪ್ಲೇ ಆಫ್‌ನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 34 ಅಂಕ, ಅದರಲ್ಲೂ ಒಂದೇ ರೇಡ್‌ನಲ್ಲಿ ಎಂಟು ಅಂಕ ತಂದರು. ಡಿಫೆಂಡರ್‌ಗಳು ಕಟ್ಟಿದ ಸರಪಳಿಯ ಕೆಳಗೆ ತಲೆ ಹಾಕಿ ನುಸುಳಿ ಬರುವ ‘ಡುಬ್ಕಿ’ಯನ್ನು ಹಳ್ಳಿ ಹುಡುಗರೂ ಅವರನ್ನು ನೋಡಿಯೇ ಕಲಿತರು. ಅಂಥ ಆಟಗಾರ ಒಂಬತ್ತು ವರ್ಷಗಳ ಬಳಿಕ ಮೊದಲ ಮನೆಗೆ ಮರಳುತ್ತಾನೆ, ನಾಯಕನೂ ಆಗುತ್ತಾನೆ ಎಂದರೆ ಅಭಿಮಾನಿಗಳು ಹಿಗ್ಗಿದ್ದು ಸಹಜ. ಆದರೆ ಆ ಸೀಸನ್ ಮುಗಿದಾಗ ಬುಲ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು, ಸೋತದ್ದು 19. ಒಂದು ಪಂದ್ಯ ಟೈ. 12 ತಂಡಗಳ ಪಟ್ಟಿಯಲ್ಲಿ 12ನೇ ಸ್ಥಾನ. ಪರ್ದೀಪ್ ಅವರ ಸೀಸನ್ ಗಳಿಕೆ 111 ರೇಡ್ ಅಂಕ. 2025ರ ಹರಾಜಿನಲ್ಲಿ ಅವರನ್ನು ಯಾವ ತಂಡವೂ ಕೊಳ್ಳಲಿಲ್ಲ. 1,801 ರೇಡ್ ಅಂಕಗಳ ಸಾಟಿಯಿಲ್ಲದ ದಾಖಲೆಯೊಂದಿಗೆ ಅವರು ಲೀಗ್‌ಗೆ ವಿದಾಯ ಹೇಳಿದರು.

ಕೆಟ್ಟ ಫಲಿತಾಂಶ ಬಂದ ಮೇಲೆ ಬುದ್ಧಿ ಹೇಳುವುದು ಸುಲಭ, ಹರಾಜಿನ ದಿನ ಇದು ಯಾರಿಗೆ ಗೊತ್ತಿತ್ತು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಗಾಗಿ ಹರಾಜಿನ ದಿನ ಎಲ್ಲರ ಕಣ್ಣೆದುರಿಗಿದ್ದ ಅಂಕಿಗಳನ್ನಷ್ಟೇ ನೋಡೋಣ. 2019ರ ಏಳನೇ ಸೀಸನ್‌ನಲ್ಲಿ ಪರ್ದೀಪ್ ಗಳಿಸಿದ್ದು 302 ರೇಡ್ ಅಂಕ. ಅದನ್ನು ನೋಡಿಯೇ 2021ರ ಹರಾಜಿನಲ್ಲಿ ಯುಪಿ ಯೋಧಾ 1.65 ಕೋಟಿ ರೂಪಾಯಿ ಕೊಟ್ಟಿತು. ಅಲ್ಲಿಯವರೆಗಿನ ಲೀಗ್ ಇತಿಹಾಸದಲ್ಲಿ ಅದು ಅತಿ ದೊಡ್ಡ ಮೊತ್ತ. ಯುಪಿ ಪರವಾಗಿ ಮೂರು ಸೀಸನ್‌ಗಳಲ್ಲಿ ಅವರು ಗಳಿಸಿದ್ದು ಕ್ರಮವಾಗಿ 188, 220 ಮತ್ತು 122. ನಡುವಿನ ಸೀಸನ್‌ನಲ್ಲಿ ಕೊಂಚ ಚೇತರಿಕೆ ಕಂಡರೂ ಇಳಿಜಾರಿನ ದಿಕ್ಕು ಸ್ಪಷ್ಟವಾಗಿತ್ತು. ಹತ್ತನೇ ಸೀಸನ್‌ನಲ್ಲಿ ಯುಪಿ 11ನೇ ಸ್ಥಾನಕ್ಕೆ ಕುಸಿದು ಅವರನ್ನು ಬಿಟ್ಟುಕೊಟ್ಟಿತು. ಬುಲ್ಸ್ ಕೊಂಡದ್ದು 122 ಅಂಕ ಗಳಿಸಿ ಹೊರಬಂದ ರೇಡರ್‌ನನ್ನು. ಮನಸ್ಸಿನಲ್ಲಿದ್ದದ್ದು 369 ಅಂಕದ ರೇಡರ್. ಇಲ್ಲಿ ವಯಸ್ಸಿನ ಮಾತು ನಮ್ಮನ್ನು ದಾರಿ ತಪ್ಪಿಸಬಾರದು. ಹರಾಜಿನ ದಿನ ಪರ್ದೀಪ್‌ಗೆ 27 ವರ್ಷ. ಬೇರೆ ಆಟಗಳಲ್ಲಿ ಅದು ಏರುಪ್ರಾಯ. ಆದರೆ 18ನೇ ವಯಸ್ಸಿಗೆ ಲೀಗ್ ಸೇರಿ ಒಂಬತ್ತು ಸೀಸನ್ ಮ್ಯಾಟ್ ಮೇಲೆ ಆರೇಳು ಆಳುಗಳ ತೂಕ ಹೊತ್ತು ಎಳೆದಾಡಿದ ಮೊಣಕಾಲಿಗೂ ಬೆನ್ನಿಗೂ ಜನ್ಮದಿನಾಂಕದ ಲೆಕ್ಕ ಹಿಡಿಸುವುದಿಲ್ಲ. ಆಟಗಾರ ಹಳಬನಾಗುವುದು ಆಡಿದ ಆಟದಿಂದ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸೋತದ್ದು ತಂಡ, ತಪ್ಪನ್ನು ಒಬ್ಬನ ತಲೆಗೆ ಕಟ್ಟುವುದು ಎಷ್ಟು ಸರಿ? ನಾನೂ ಕಟ್ಟುತ್ತಿಲ್ಲ. ಪರ್ದೀಪ್ ಇಲ್ಲದಿದ್ದರೂ ಆ ಬುಲ್ಸ್ ತಂಡ ಕಪ್ ಗೆಲ್ಲುತ್ತಿರಲಿಲ್ಲ. ಆದರೆ ಈ ಆಕ್ಷೇಪ ನನ್ನ ವಾದವನ್ನು ಮುರಿಯುವ ಬದಲು ಬಲಪಡಿಸುತ್ತದೆ. ಅದು ಹೇಗೆಂದು ತಿಳಿಯಲು ಕಬಡ್ಡಿಯ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಬೇಕು. ಕ್ರಿಕೆಟ್‌ನಲ್ಲಿ ಔಟಾದ ಬ್ಯಾಟ್ಸ್‌ಮನ್ ಆ ಇನಿಂಗ್ಸ್‌ಗೆ ಮುಗಿದ. ಫುಟ್‌ಬಾಲ್‌ನಲ್ಲಿ ಗೋಲು ತಪ್ಪಿಸಿದವನೂ ಮೈದಾನದಲ್ಲೇ ಇರುತ್ತಾನೆ. ಕಬಡ್ಡಿಯದು ಎರಡರ ನಡುವಿನ ಸ್ಥಿತಿ. ಸಿಕ್ಕಿಬಿದ್ದ ರೇಡರ್ ಹೊರಗೆ ಕೂರುತ್ತಾನೆ, ಅವನ ತಂಡ ಎದುರಾಳಿಯೊಬ್ಬನನ್ನು ಔಟ್ ಮಾಡಿದಾಗ ಸರದಿಯಂತೆ ಜೀವ ಪಡೆದು ಒಳಬರುತ್ತಾನೆ. ಅಂದರೆ ಮುಖ್ಯ ರೇಡರ್ ಎಷ್ಟು ಹೊತ್ತು ಆಡುತ್ತಾನೆ ಎಂಬುದು ಅವನ ಕೈಯಲ್ಲಿಲ್ಲ. ಅವನು ಹೊರಗಿದ್ದಾಗ ಹಿಂದಿನ ಡಿಫೆಂಡರ್‌ಗಳು ಒಂದು ಟ್ಯಾಕಲ್ ಮಾಡಬೇಕು, ಇಲ್ಲವೇ ಎರಡನೇ ರೇಡರ್ ಒಂದು ಟಚ್ ತರಬೇಕು. ಇವೆರಡೂ ಆಗದಿದ್ದರೆ 40 ನಿಮಿಷದ ಆಟದಲ್ಲಿ ಕೋಟಿ ಬೆಲೆಯ ಆಟಗಾರ ಬಹುಹೊತ್ತು ಬೆಂಚಿನ ಮೇಲೆ ಬೆವರು ಒರೆಸಿಕೊಳ್ಳುತ್ತಾನೆ. ಎದುರಾಳಿ ಕೋಚ್‌ಗಳ ಮೊದಲ ಗುರಿಯೂ ಇದೇ. ದೊಡ್ಡ ರೇಡರ್‌ನನ್ನು ಮೊದಲು ಹೊರಗೆ ಹಾಕಿ, ಆಮೇಲೆ ಅವನಿಗೆ ಜೀವ ಬರದಂತೆ ಆಟವನ್ನು ನಿಧಾನಿಸಿ, ಖಾಲಿ ರೇಡ್‌ಗಳಲ್ಲಿ ಹೊತ್ತು ಕಳೆಯುವುದು.

ಪಟ್ನಾದಲ್ಲಿ ಪರ್ದೀಪ್ ಮೆರೆದಾಗ ಪಕ್ಕದಲ್ಲಿ ಮೋನು ಗೋಯತ್‌ನಂಥ ಎರಡನೇ ರೇಡರ್ ಇದ್ದರು. ಪರ್ದೀಪ್ ಹೊರಗೆ ಕೂತರೆ ಬೇಗ ಒಳಗೆ ತರುವ ಆಳು ಅಲ್ಲಿದ್ದ. ಬುಲ್ಸ್‌ನಲ್ಲಿ ಆ ಆಸರೆ ಕಳಚಿತ್ತು. ಅದಕ್ಕೂ ಮುನ್ನ ಕೆಲವು ಸೀಸನ್ ತಂಡದ ರೇಡಿಂಗ್ ಹೊತ್ತುಕೊಂಡಿದ್ದ, ಒಂಬತ್ತನೇ ಸೀಸನ್ ಒಂದರಲ್ಲೇ 279 ರೇಡ್ ಅಂಕ ತಂದಿದ್ದ ಭರತ್ ಅದೇ ಹರಾಜಿನಲ್ಲಿ 1.30 ಕೋಟಿಗೆ ಯುಪಿ ಯೋಧಾಸ್ ಪಾಲಾದರು. ಬುಲ್ಸ್ ಅಜಿಂಕ್ಯ ಪವಾರ್‌ಗೆ 1.107 ಕೋಟಿ, ಪರ್ದೀಪ್‌ಗೆ 70 ಲಕ್ಷ ಕೊಟ್ಟಿತು. ಒಂದು ತಂಡಕ್ಕೆ ಖರ್ಚು ಮಾಡಲು ಇದ್ದ ಒಟ್ಟು ಮಿತಿ ಐದು ಕೋಟಿ. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಬ್ಬರು ರೇಡರ್‌ಗಳಿಗೇ ಹೋಯಿತು. ಫಲಿತಾಂಶದ ಪಟ್ಟಿಯನ್ನು ಎದುರುಬದುರು ಇಟ್ಟು ನೋಡಿ. ಪರ್ದೀಪ್ ಇದ್ದ ಹತ್ತನೇ ಸೀಸನ್‌ನಲ್ಲಿ ಯುಪಿ 11ನೇ ಸ್ಥಾನದಲ್ಲಿತ್ತು, ಬುಲ್ಸ್ ಎಂಟರಲ್ಲಿತ್ತು. ಪರ್ದೀಪ್ ಇತ್ತ ಬಂದು ಭರತ್ ಅತ್ತ ಹೋದ 11ನೇ ಸೀಸನ್‌ನಲ್ಲಿ ಯುಪಿ ಮೂರನೇ ಸ್ಥಾನಕ್ಕೇರಿ ಸೆಮಿಫೈನಲ್ ತಲುಪಿತು, ಬುಲ್ಸ್ ತಳ ಕಂಡಿತು. ಯುಪಿಯ ಆ ಏರಿಕೆಗೆ ಭರತ್ ಜತೆ ಹೆಗಲು ಕೊಟ್ಟ ಎಳೆಯ ರೇಡರ್‌ಗಳಲ್ಲಿ ಒಬ್ಬರು ನಮ್ಮದೇ ಕರ್ನಾಟಕದ ಗಗನ್ ಗೌಡ. ಎರಡು ತಂಡಗಳ ಏರಿಳಿತವೆಲ್ಲ ಒಬ್ಬ ಆಟಗಾರನಿಂದಲೇ ಆಯಿತು ಎಂದು ಹೇಳಲಾಗದು. ಆದರೆ ಹೆಸರನ್ನು ಬಿಟ್ಟುಕೊಟ್ಟ ತಂಡ ಬಡವಾಗಲಿಲ್ಲ, ಹೆಸರನ್ನು ಕೊಂಡ ತಂಡ ಶ್ರೀಮಂತವಾಗಲಿಲ್ಲ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಏರುಪ್ರಾಯದ ರೇಡರ್‌ನನ್ನು ಕೊಂಡರೂ ಇದೇ ತೊಡಕು ಬೆನ್ನಿಗೆ ಬರುತ್ತದೆ. 2018–19ರ ಆರನೇ ಸೀಸನ್‌ನಲ್ಲಿ ಬುಲ್ಸ್‌ಗೆ ಏಕೈಕ ಟ್ರೋಫಿ ತಂದುಕೊಟ್ಟ, ಫೈನಲ್ ಒಂದರಲ್ಲೇ 22 ಅಂಕ ಗಳಿಸಿದ ಪವನ್ ಸೆಹ್ರಾವತ್ ಮುಂದೆ ತಮಿಳ್ ತಲೈವಾಸ್‌ಗೆ 2.26 ಕೋಟಿಗೆ ಹೋದರು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಸೀಸನ್ ಹೊರಗುಳಿದರು. ಸೋಜಿಗವೆಂದರೆ ಪವನ್ ಇಲ್ಲದ ಅದೇ ತಲೈವಾಸ್, ನರೇಂದರ್ ಎಂಬ ಹೊಸ ಹುಡುಗನನ್ನು ನೆಚ್ಚಿಕೊಂಡು ಮೊದಲ ಬಾರಿಗೆ ಸೆಮಿಫೈನಲ್ ಮುಟ್ಟಿತು. ಮರುವರ್ಷ ತೆಲುಗು ಟೈಟನ್ಸ್ 2.605 ಕೋಟಿ, ಅಂದರೆ ತನ್ನ ಥೈಲಿಯ ಅರ್ಧಕ್ಕಿಂತ ಹೆಚ್ಚನ್ನು, ಪವನ್ ಒಬ್ಬರಿಗೇ ಸುರಿಯಿತು. ಪವನ್ 200ಕ್ಕೂ ಹೆಚ್ಚು ರೇಡ್ ಅಂಕ ತಂದರೂ ತಂಡ ಗೆದ್ದದ್ದು ಎರಡೇ ಪಂದ್ಯ. ಸ್ಥಾನ 12ನೆಯದು. ಏರುಪ್ರಾಯದ, ಫಾರ್ಮ್‌ನಲ್ಲಿದ್ದ ರೇಡರ್‌ಗೇ ಒಂಟಿಯಾಗಿ ತಂಡ ಎತ್ತಲಾಗದಿದ್ದರೆ ಇಳಿಮುಖದಲ್ಲಿರುವ ರೇಡರ್ ಅದನ್ನು ಮಾಡುತ್ತಾನೆಂದು ನಂಬುವುದಕ್ಕೆ ಆಧಾರವೇನು?

ಹಾಗಾದರೆ ಹಳಬರೆಲ್ಲ ಬೇಡವೇ? ಇಲ್ಲಿಯೇ ನನ್ನ ವಾದ ‘ರೊಕ್ಕ ದಂಡ’ ಎನ್ನುವವರಿಂದ ಬೇರೆಯಾಗುತ್ತದೆ. 2022ರ ಫೆಬ್ರುವರಿ 25ರಂದು ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, ಕೋವಿಡ್ ಕಾರಣಕ್ಕೆ ಪ್ರೇಕ್ಷಕರಿಲ್ಲದ ಸಭಾಂಗಣದಲ್ಲಿ, ಎಂಟನೇ ಸೀಸನ್‌ನ ಫೈನಲ್ ನಡೆಯಿತು. ದಬಂಗ್ ಡೆಲ್ಲಿ ತಂಡ ಪಟ್ನಾವನ್ನು 37–36ರಿಂದ ಸೋಲಿಸಿ ಮೊದಲ ಬಾರಿಗೆ ಕಪ್ ಎತ್ತಿತು. ಆ ಡೆಲ್ಲಿ ತಂಡವನ್ನು ಕಟ್ಟಿದಾಗ ಎಷ್ಟೋ ಜನ ನಕ್ಕಿದ್ದರು. ಜೋಗಿಂದರ್ ನರ್ವಾಲ್, ಜೀವಾ ಕುಮಾರ್, ಸಂದೀಪ್ ನರ್ವಾಲ್, ಮಂಜೀತ್ ಛಿಲ್ಲರ್ ಎಲ್ಲರೂ ಹಳೆಯ ತಲೆಗಳೇ. ಮಂಜೀತ್‌ರನ್ನು ನಮ್ಮವರು ಮರೆತಿರಲಾರರು, ಲೀಗ್‌ನ ಆರಂಭದ ದಿನಗಳಲ್ಲಿ ಬುಲ್ಸ್‌ನ ನಾಯಕರಾಗಿದ್ದವರು ಅವರೇ. ಫೈನಲ್ ದಿನ ಅವರ ವಯಸ್ಸು 35. ಆದರೆ ಈ ಹಿರಿಯರೆಲ್ಲ ಮುಖ್ಯವಾಗಿ ಹಿಡಿಯುವವರು. ರೇಡಿಂಗ್‌ನ ಭಾರವನ್ನು ಡೆಲ್ಲಿ ಹೊರಿಸಿದ್ದು 22ರ ನವೀನ್ ಕುಮಾರ್‌ಗೆ, ಅವರ ಬೆನ್ನಿಗೆ ವಿಜಯ್‌ಗೆ. ಓಡುವ ಕೆಲಸ ಎಳೆಯರಿಗೆ, ಕಾಯುವ ಕೆಲಸ ಹಿರಿಯರಿಗೆ ಎಂಬ ಈ ಹಂಚಿಕೆಯನ್ನು ಡೆಲ್ಲಿ 2025ರಲ್ಲಿ ಮತ್ತೆ ಅನುಸರಿಸಿತು. ನಾಯಕನ ಪಟ್ಟವನ್ನೂ ರೇಡಿಂಗ್‌ನ ಹೊಣೆಯನ್ನೂ ಆಶು ಮಲಿಕ್ ಎಂಬ ಯುವಕನಿಗೆ ಕೊಟ್ಟು, ಇರಾನಿನ ಅನುಭವಿ ಡಿಫೆಂಡರ್ ಫಜಲ್ ಅತ್ರಾಚಲಿ ಅವರನ್ನು ಒಂದು ಕೋಟಿಗೆ ತಂದಿತು. ಆಗ ಫಜಲ್‌ಗೆ 33 ವರ್ಷ. ಅಕ್ಟೋಬರ್ 31ರ ಫೈನಲ್‌ನಲ್ಲಿ ಪುಣೇರಿ ಪಲ್ಟನ್ ಸೋಲಿಸಿ ಡೆಲ್ಲಿ ಎರಡನೇ ಕಪ್ ಗೆದ್ದಿತು. ಇದೇ ಫಜಲ್ ಹಿಂದಿನ ಸೀಸನ್‌ನಲ್ಲಿ 50 ಲಕ್ಷಕ್ಕೆ ಬೆಂಗಾಲ್ ವಾರಿಯರ್ಸ್‌ನಲ್ಲಿದ್ದರು, ಆ ತಂಡ ಹತ್ತನೇ ಸ್ಥಾನದಲ್ಲಿ ನಿಂತಿತ್ತು. ಹಿರಿಯನೊಬ್ಬ ಕೆಟ್ಟ ತಂಡವನ್ನು ಒಳ್ಳೆಯದಾಗಿಸಲಾರ, ಒಳ್ಳೆಯ ತಂಡವನ್ನು ಗೆಲ್ಲುವ ತಂಡವಾಗಿಸಬಲ್ಲ.

ರೇಡರ್‌ಗೂ ಡಿಫೆಂಡರ್‌ಗೂ ಯಾಕೆ ಈ ವ್ಯತ್ಯಾಸ? ರೇಡರ್ ಒಬ್ಬನೇ ಏಳು ಜನರ ನಡುವೆ ಹೋಗುತ್ತಾನೆ. ಮೂವತ್ತು ಸೆಕೆಂಡ್‌ನೊಳಗೆ ಮುಟ್ಟಿ ಮರಳಬೇಕು. ಅವನ ಬಂಡವಾಳ ಮೊದಲ ಹೆಜ್ಜೆಯ ಚುರುಕು, ತಿರುಗುವ ಸೊಂಟ, ಮಿಡಿತಕ್ಕೆ ಮೇಲೇಳುವ ಮೊಣಕಾಲು. ವಯಸ್ಸು ಮೊದಲು ಕದಿಯುವುದು ಇವುಗಳನ್ನೇ. ಡುಬ್ಕಿಯಂಥ ಪಟ್ಟಿಗಂತೂ ತೀರಾ ತಗ್ಗಿ, ತಗ್ಗಿದಲ್ಲಿಂದಲೇ ಚಿಮ್ಮಬೇಕು. ಅರ್ಧ ಕ್ಷಣ ತಡವಾದರೆ ಸರಪಳಿ ಮುಚ್ಚಿಕೊಳ್ಳುತ್ತದೆ. ಮೇಲಾಗಿ ಎದುರಾಳಿಗಳು ವಿಡಿಯೊ ಇಟ್ಟುಕೊಂಡು ವರ್ಷಗಟ್ಟಲೆ ಅದೇ ಪಟ್ಟನ್ನು ಓದಿರುತ್ತಾರೆ. ಅವನು ತಲೆ ತಗ್ಗಿಸುವ ಮೊದಲೇ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಕಿರಿದು ಮಾಡುತ್ತಾರೆ. ಡಿಫೆಂಡರ್‌ನ ಕೆಲಸ ಬೇರೆ ಬಗೆಯದು. ಎಡ ಕಾರ್ನರ್‌ನಲ್ಲಿ ನಿಂತವನು ರೇಡರ್‌ನ ಕಾಲು ನೋಡುತ್ತ ಕಾಯುತ್ತಾನೆ. ಬೋನಸ್ ಗೆರೆಗೆ ಕಾಲು ಚಾಚಿದ ಕ್ಷಣ ಆ್ಯಂಕಲ್ ಹಿಡಿಯಬೇಕೋ, ಬಿಡಬೇಕೋ, ಪಕ್ಕದವನ ಕೈ ಎಳೆದು ಎಚ್ಚರಿಸಬೇಕೋ ಎಂಬ ತೀರ್ಮಾನ ಅವನದು. ಅಲ್ಲಿ ಆತುರವೇ ಶತ್ರು. ಬಿಸಿರಕ್ತದ ಡಿಫೆಂಡರ್ ಮುಂದೆ ನುಗ್ಗಿ ಕೊಡುವ ಪುಕ್ಕಟೆ ಅಂಕಗಳನ್ನು ಪಳಗಿದವನು ಕೊಡುವುದಿಲ್ಲ. ಡೂ ಆರ್ ಡೈ ರೇಡ್ ಬಂದಾಗ ಎದುರಿನವನು ಬಂದೇ ಬರಬೇಕು ಎಂದು ಗೊತ್ತಿದ್ದು ಕಲ್ಲಿನಂತೆ ನಿಲ್ಲುವ ತಾಳ್ಮೆ ನೂರು ಪಂದ್ಯ ಆಡಿದವನಿಗೆ ಇರುತ್ತದೆ. ಮೂವರೇ ಉಳಿದಾಗ ಸೂಪರ್ ಟ್ಯಾಕಲ್‌ಗೆ ಯಾರು ಮೊದಲು ಬೀಳಬೇಕೆಂದು ಕಣ್ಣಲ್ಲೇ ಹೇಳುವವನೂ ಅವನೇ. ಅನುಭವಕ್ಕೆ ಇಲ್ಲಿ ನೇರ ಬೆಲೆಯಿದೆ.

ನಮ್ಮ ಭಾಗದ ರೈತನಿಗೆ ಇದನ್ನು ಹೀಗೆ ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ದೀಪಾವಳಿ ಮುಗಿದ ಮೇಲೆ ಹಾನಗಲ್, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಹೋರಿ ಹಬ್ಬದ ಅಖಾಡಕ್ಕೆ ಬಿಡುವ ಹೋರಿಯೇ ಬೇರೆ, ನೊಗಕ್ಕೆ ಕಟ್ಟುವ ಎತ್ತೇ ಬೇರೆ. ಅಖಾಡದಲ್ಲಿ ಹೆಸರು ಮಾಡಿದ್ದೆಂದು ಹೋರಿಯನ್ನು ತಂದು ಯಾರೂ ಕುಂಟೆ ಹೊಡೆಯುವುದಿಲ್ಲ, ನೊಗಕ್ಕೆ ಪಳಗಿದ ಎತ್ತಿಗೆ ಕೊಬ್ಬರಿ ಹಾರ ಕಟ್ಟಿ ಓಟಕ್ಕೆ ಬಿಡುವುದೂ ಇಲ್ಲ. ಯಾವ ಕೆಲಸಕ್ಕೆ ಎಂಬುದು ಮೊದಲು ತೀರ್ಮಾನವಾಗುತ್ತದೆ, ಹಲ್ಲು ನೋಡುವುದು, ದರ ಕುದುರಿಸುವುದು ಆಮೇಲೆ. ಕಬಡ್ಡಿ ತಂಡಗಳು ಮಾತ್ರ ಮೊದಲು ದರ ಕುದುರಿಸಿ ಆಮೇಲೆ ಕೆಲಸ ಹುಡುಕುತ್ತವೆ.

ಹಳಬರ ಪರ ವಾದಿಸುವವರ ಕೈಯಲ್ಲಿ ಇನ್ನೂ ಕೆಲವು ದೊಡ್ಡ ಹೆಸರುಗಳಿವೆ. ಅಮೆರಿಕನ್ ಫುಟ್‌ಬಾಲ್‌ನ ಟಾಮ್ ಬ್ರೇಡಿ ಅವರಲ್ಲಿ ಮೊದಲಿಗರು. ಆ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡನ್ನು ಕೈಗೆ ತಗೊಂಡು ಯಾರಿಗೆ ಎಸೆಯಬೇಕೆಂದು ಕ್ಷಣದಲ್ಲಿ ನಿರ್ಧರಿಸುವ ಆಟಗಾರ, ಇಡೀ ದಾಳಿಯ ಮಿದುಳು. ಇಪ್ಪತ್ತು ವರ್ಷ ಒಂದೇ ತಂಡಕ್ಕೆ ಆಡಿ ಒಪ್ಪಂದ ಮುಗಿಸಿದ ಬ್ರೇಡಿಯನ್ನು 2020ರಲ್ಲಿ, ಅವರ 42ನೇ ವಯಸ್ಸಿನಲ್ಲಿ, ಟ್ಯಾಂಪಾ ಬೇ ತಂಡ ಕರೆತಂದಿತು. ಮರುವರ್ಷದ ಫೆಬ್ರುವರಿಯಲ್ಲೇ ಆ ತಂಡ ಸೂಪರ್ ಬೌಲ್ ಗೆದ್ದಿತು. ಆದರೆ ಟ್ಯಾಂಪಾದ ಹಿಂದಿನ ವರ್ಷ ಹೇಗಿತ್ತು? ಒಳ್ಳೆಯ ಚೆಂಡು ಹಿಡಿಯುವವರಿದ್ದರು, ಬೆಳೆಯುತ್ತಿದ್ದ ರಕ್ಷಣಾ ಪಡೆಯಿತ್ತು. ಆದರೆ ಅವರ ಕ್ವಾರ್ಟರ್‌ಬ್ಯಾಕ್ ಒಂದೇ ಋತುವಿನಲ್ಲಿ 30 ಬಾರಿ ಚೆಂಡನ್ನು ಎದುರಾಳಿಯ ಕೈಗೆ ಎಸೆದಿದ್ದ. ಆ ತಂಡಕ್ಕೆ ಬೇಕಿದ್ದದ್ದು ತಪ್ಪು ಮಾಡದ ಒಬ್ಬ ಆಳು. ಬ್ರೇಡಿ ಆ ಖಾಲಿ ಜಾಗಕ್ಕೆ ಹೇಳಿ ಮಾಡಿಸಿದಂತಿದ್ದರು. ಅದೇ ಆಟದಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡ 39ರ ಆರನ್ ರಾಜರ್ಸ್ ಅವರನ್ನು ಉದ್ಧಾರಕನಂತೆ ಕರೆತಂದಾಗ 2023ರ ಮೊದಲ ಪಂದ್ಯದ ಆರಂಭದ ನಿಮಿಷಗಳಲ್ಲೇ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಗುಣಮುಖರಾಗಿ ಮರಳಿದ 2024ರಲ್ಲೂ ತಂಡ 17ರಲ್ಲಿ ಗೆದ್ದದ್ದು ಐದೇ ಪಂದ್ಯ. ಇಬ್ಬರೂ ಮಹಾನ್ ಆಟಗಾರರೇ. ಒಬ್ಬರಿಗೆ ಒಂದು ಬಿರುಕು ಮುಚ್ಚುವ ಕೆಲಸವಿತ್ತು. ಇನ್ನೊಬ್ಬರಿಗೆ ಇಡೀ ಗೋಡೆ ಎತ್ತುವ ಕೆಲಸ ಕೊಡಲಾಗಿತ್ತು.

ನಮ್ಮ ಆರ್‌ಸಿಬಿಯ ಕಥೆಯೂ ಇದನ್ನೇ ಹೇಳುತ್ತದೆ. 2022ರಲ್ಲಿ ಐದೂವರೆ ಕೋಟಿ ಕೊಟ್ಟು 36ರ ದಿನೇಶ್ ಕಾರ್ತಿಕ್‌ರನ್ನು ತಂದಾಗ ‘ಮುದುಕರ ತಂಡ’ ಎಂಬ ಗೇಲಿ ಕೇಳಿಬಂತು. ಆದರೆ ತಂಡ ಅವರಿಗೆ ಕೊಟ್ಟ ಕೆಲಸ ಕೊನೆಯ ಕೆಲವು ಓವರ್‌ಗಳದ್ದು. ಅವರು 183ರ ಸ್ಟ್ರೈಕ್ ರೇಟ್‌ನಲ್ಲಿ 330 ರನ್ ಗಳಿಸಿ ಭಾರತ ತಂಡಕ್ಕೂ ಮರಳಿದರು. ಇಪ್ಪತ್ತು ಎಸೆತದ ಕೆಲಸಕ್ಕೆ 36 ಹೆಚ್ಚಿನ ವಯಸ್ಸಲ್ಲ. ಕರುಣ್ ನಾಯರ್ ಉದಾಹರಣೆ ಇದಕ್ಕಿಂತ ತೀಕ್ಷ್ಣ, ಏಕೆಂದರೆ ಅಲ್ಲಿ ಕೈತಪ್ಪಿಸಿಕೊಂಡವರು ನಾವು. ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ ಆಟಗಾರನಿಗೆ ಕರ್ನಾಟಕ ತಂಡದಲ್ಲಿ ಜಾಗ ಇಲ್ಲವಾಯಿತು, ಅವರು ವಿದರ್ಭಕ್ಕೆ ಹೋದರು. 2024–25ರ ರಣಜಿಯಲ್ಲಿ 863 ರನ್ ಗಳಿಸಿ, ಫೈನಲ್‌ನಲ್ಲಿ ಶತಕ ಹೊಡೆದು ವಿದರ್ಭಕ್ಕೆ ಟ್ರೋಫಿ ಕೊಡಿಸಿದರು. ಮುಂದೆ ಭಾರತ ಟೆಸ್ಟ್ ತಂಡಕ್ಕೂ, ಕೊನೆಗೆ ಕರ್ನಾಟಕಕ್ಕೂ ಮರಳಿದರು. ಇದು ನನ್ನ ವಾದಕ್ಕೆ ವಿರುದ್ಧ ಎಂದು ತೋರಬಹುದು. ಹಾಗಲ್ಲ. ವಿದರ್ಭ ಕೊಂಡದ್ದು 2016ರ ತ್ರಿಶತಕವನ್ನಲ್ಲ. ಅವರ ಮಧ್ಯಮ ಕ್ರಮಾಂಕಕ್ಕೆ ದಿನವಿಡೀ ನಿಲ್ಲುವ ಬ್ಯಾಟ್ಸ್‌ಮನ್ ಬೇಕಿತ್ತು. ದೀರ್ಘ ಇನಿಂಗ್ಸ್ ಕಟ್ಟುವ ಕೌಶಲ ಮೂವತ್ತು ದಾಟಿದ ಮೇಲೂ ಬಾಡುವುದಿಲ್ಲ. ‘ವಯಸ್ಸಾಯಿತು’ ಎಂದು ಕಣ್ಣು ಮುಚ್ಚಿ ಬಿಡುವುದೂ ‘ಹೆಸರಿದೆ’ ಎಂದು ಕಣ್ಣು ಮುಚ್ಚಿ ಕೊಳ್ಳುವುದೂ ಒಂದೇ ಸೋಮಾರಿತನದ ಎರಡು ಮುಖ.

ಕಬಡ್ಡಿಯಲ್ಲೇ ಹಳೆಯ ರೇಡರ್ ಫಲಿಸಿದ ಉದಾಹರಣೆ ಇಲ್ಲವೇ ಎಂದರೆ, ಇದೆ. 2019ರ ಏಳನೇ ಸೀಸನ್‌ನ ಫೈನಲ್‌ನಲ್ಲಿ ಬೆಂಗಾಲ್ ವಾರಿಯರ್ಸ್‌ನ ನಾಯಕ, ಮುಖ್ಯ ರೇಡರ್ ಮಣಿಂದರ್ ಸಿಂಗ್ ಗಾಯದಿಂದ ಹೊರಗಿದ್ದರು. ಆ ದಿನ ಇರಾನಿನ ನಬೀಬಕ್ಷ್ ಜತೆ ರೇಡಿಂಗ್ ಹೊಣೆ ಹೊತ್ತವರು ನಮ್ಮ ಕರಾವಳಿಯ ಅನುಭವಿ ಸುಕೇಶ್ ಹೆಗ್ಡೆ. ಅವರ ಎಂಟು ಅಂಕಗಳ ಬಲದಿಂದ ಬೆಂಗಾಲ್ 39–34ರಿಂದ ಡೆಲ್ಲಿಯನ್ನು ಸೋಲಿಸಿ ಕಪ್ ಗೆದ್ದಿತು. ಆದರೆ ಸುಕೇಶ್ ಆ ತಂಡದಲ್ಲಿದ್ದದ್ದು ಮೊದಲ ರೇಡರ್ ಆಗಿ ಅಲ್ಲ. ಒತ್ತಡದಲ್ಲಿ ಕೆಟ್ಟ ರೇಡ್ ಮಾಡದ ಬೆಂಬಲದ ರೇಡರ್ ಆಗಿ. ಇಂಥ ಜಾಗಕ್ಕೆ ಹಳೆಯ ರೇಡರ್ ಬೇಕೇ ಬೇಕು. ಪರ್ದೀಪ್‌ರನ್ನೂ ಬುಲ್ಸ್ ಹೀಗೆ ಬಳಸಿದ್ದರೆ, ಇಬ್ಬರು ಎಳೆಯ ರೇಡರ್‌ಗಳ ಹಿಂದೆ ಮೂರನೆಯವರಾಗಿ, ಪಂದ್ಯದ ಕೊನೆಯ ಹತ್ತು ನಿಮಿಷಕ್ಕೆಂದು ಇಟ್ಟುಕೊಂಡಿದ್ದರೆ ಆ ಖರೀದಿ ಜಾಣತನದ್ದಾಗುತ್ತಿತ್ತು. ಆದರೆ 70 ಲಕ್ಷ ಕೊಟ್ಟು ನಾಯಕನ ಪಟ್ಟ ಕಟ್ಟಿದ ಮೇಲೆ ಬೆಂಚಿನಲ್ಲಿ ಕೂರಿಸುವ ಧೈರ್ಯ ಯಾರಿಗಿರುತ್ತದೆ? ದೊಡ್ಡ ಹೆಸರಿನ ನಿಜವಾದ ಖರ್ಚು ಇದೇ. ಕೊಟ್ಟ ಹಣ ಆಡಿಸಲೇಬೇಕೆಂದು ಒತ್ತಾಯಿಸುತ್ತದೆ.

ಈಗ ಊರಿನ ಲೆಕ್ಕಕ್ಕೆ ಬರೋಣ. ಪಟ್ಟಿ ಎತ್ತಿ ಕೂಡಿಸಿದ ಹಣದಲ್ಲಿ ಜಾತ್ರೆಯ ಪಂದ್ಯಾವಳಿಗೆ ಹೊರಗಿನ ಆಟಗಾರನನ್ನು ಕರೆಸುವ ತಂಡಗಳು ಸಾಮಾನ್ಯವಾಗಿ ಹುಡುಕುವುದು ರೇಡರ್‌ನನ್ನೇ. ಕಾರಣ ಸ್ಪಷ್ಟ, ಸಿಳ್ಳೆ ಬೀಳುವುದು ರೇಡ್‌ಗೆ. ಜನ ಸೇರಬೇಕು, ಊರಿನ ಮಾನ ಉಳಿಯಬೇಕು, ಒಂದು ರಾತ್ರಿಯ ಆಟಕ್ಕೆ ಇಷ್ಟೊಂದು ತತ್ವ ಯಾಕೆ ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಒಂದು ರಾತ್ರಿಗೆ ಜನ ಸೇರಿಸುವುದೇ ಗುರಿಯಾದರೆ ಹೆಸರನ್ನೇ ಕೊಳ್ಳಿ, ಅದು ಪ್ರಚಾರದ ಖರ್ಚು ಎಂದು ಲೆಕ್ಕ ಬರೆಯಿರಿ. ಆದರೆ ಗೆಲ್ಲುವುದು ಗುರಿಯಾದರೆ, ಅಥವಾ ಮೂರು ವರ್ಷದ ಬಳಿಕವೂ ಊರಿನಲ್ಲಿ ತಂಡ ಉಳಿಯಬೇಕಾದರೆ, ಅದೇ ಹಣಕ್ಕೆ ಒಬ್ಬ ಪಳಗಿದ ಕಾರ್ನರ್ ಡಿಫೆಂಡರ್‌ನನ್ನು ಕರೆಸಿ. ರೇಡ್ ಮಾಡಲು ಊರ ಹುಡುಗರನ್ನೇ ಬಿಡಿ. ಹೊರಗಿನ ರೇಡರ್ ಬಂದರೆ ಊರಿನ ಅತ್ಯುತ್ತಮ ರೇಡರ್ ಹೊರಗೆ ಕೂರುತ್ತಾನೆ. ಹೊರಗಿನ ಡಿಫೆಂಡರ್ ಬಂದರೆ ಊರಿನ ರೇಡರ್ ಬೇಗ ಬೇಗ ಜೀವ ಪಡೆದು ಮತ್ತೆ ಮತ್ತೆ ರೇಡ್‌ಗೆ ಹೋಗುತ್ತಾನೆ, ಪಕ್ಕದಲ್ಲಿ ನಿಂತ ಊರ ಡಿಫೆಂಡರ್‌ಗಳಿಗೆ ಯಾವಾಗ ಹಿಡಿಯಬಾರದು ಎಂಬ ಪಾಠವೂ ಆಗುತ್ತದೆ.

ಹಿರಿಯ ಆಟಗಾರನಿದ್ದರೆ ಹುಡುಗರು ಕಲಿಯುತ್ತಾರೆ ಎಂಬ ಕೊನೆಯ ವಾದಕ್ಕೂ ಇದೇ ಉತ್ತರ. ಕಲಿಕೆ ತಾನಾಗಿ ಆಗುವುದಿಲ್ಲ. ತನ್ನ ಜಾಗ ಉಳಿಸಿಕೊಳ್ಳಲು ಹೆಣಗುವ ಹಳೆಯ ರೇಡರ್, ಅದೇ ಜಾಗಕ್ಕೆ ಕಾಯುವ ಹುಡುಗನಿಗೆ ಗುಟ್ಟು ಹೇಳಿಕೊಡುವ ಪುರುಸೊತ್ತಿನಲ್ಲಿರುವುದಿಲ್ಲ. ಅನುಭವವೇ ಬೇಕೆಂದಾದರೆ ಅದನ್ನು ಕೊಳ್ಳಲು ಇನ್ನೂ ಅಗ್ಗದ, ಇನ್ನೂ ಬಾಳಿಕೆಯ ದಾರಿಯಿದೆ. ದಿನೇಶ್ ಕಾರ್ತಿಕ್ ಆಡುವುದನ್ನು ಬಿಟ್ಟು ಆರ್‌ಸಿಬಿಯ ಬ್ಯಾಟಿಂಗ್ ಕೋಚ್ ಆದ ಮೊದಲ ವರ್ಷವೇ, 2025ರ ಜೂನ್ 3ರಂದು, ತಂಡ ಮೊದಲ ಐಪಿಎಲ್ ಗೆದ್ದಿತು. ಡೆಲ್ಲಿಗೆ 2022ರಲ್ಲಿ ನಾಯಕನಾಗಿ ಕಪ್ ತಂದ ಜೋಗಿಂದರ್ ನರ್ವಾಲ್ 2025ರಲ್ಲಿ ಕೋಚ್ ಆಗಿ ತಂದರು. ಬುಲ್ಸ್ ಕೂಡ ಆ ಕೆಟ್ಟ ಸೀಸನ್‌ನ ಬಳಿಕ, ಮೊದಲಿನಿಂದ ತರಬೇತಿ ನೀಡುತ್ತಿದ್ದ ರಣಧೀರ್ ಸಿಂಗ್ ಅವರ ಜಾಗಕ್ಕೆ ಕನ್ನಡಿಗ ಬಿ.ಸಿ. ರಮೇಶ್ ಅವರನ್ನು ತಂದಿತು. ಅರ್ಜುನ ಪ್ರಶಸ್ತಿ ಪಡೆದ ಆಟಗಾರ, ಬೆಂಗಾಲ್ ಮತ್ತು ಪುಣೇರಿ ಎರಡೂ ತಂಡಗಳಿಗೆ ಕಪ್ ಗೆಲ್ಲಿಸಿದ ಕೋಚ್. ದೊಡ್ಡ ಹೆಸರಿನ ರೇಡರ್ ಇಲ್ಲದೆ, ಇರಾನಿನ ಅಲಿರೇಜಾ ಮಿರ್ಜಾಯಿಯಾನ್ ಅವರಂಥ ಹೊಸಬರನ್ನು ನೆಚ್ಚಿಕೊಂಡು 2025ರಲ್ಲಿ ಬುಲ್ಸ್ 12ನೇ ಸ್ಥಾನದಿಂದ ಮೂರನೇ ಸ್ಥಾನಕ್ಕೆ ಏರಿ ಪ್ಲೇ ಆಫ್ ಆಡಿತು.

ಆದ್ದರಿಂದ ಹಳೆಯ ರೇಡರ್‌ಗೆ ಎಷ್ಟು ಕೊಡಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಮೂರನೇ ರೇಡರ್‌ನ ದರ ಕೊಡಿ, ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಬೇಡ. ನಾಯಕನ ಪಟ್ಟವಂತೂ ಬೇಡ. ಹಳೆಯ ಡಿಫೆಂಡರ್ ಸಿಕ್ಕರೆ, ನಿಮ್ಮ ಬಳಿ ಓಡುವ ಹುಡುಗರಿದ್ದರೆ, ಕೇಳಿದಷ್ಟು ಕೊಟ್ಟರೂ ನಷ್ಟವಿಲ್ಲ. ಓಡುವ ಹುಡುಗರೇ ಇಲ್ಲದಿದ್ದರೆ ಯಾರನ್ನೂ ಕೊಳ್ಳಬೇಡಿ. ಆ ಹಣದಲ್ಲಿ ಒಬ್ಬ ಒಳ್ಳೆಯ ಕೋಚ್‌ನನ್ನು ಊರಿಗೆ ಕರೆಸಿ, ಎರಡು ಬೇಸಿಗೆ ಸೋತರೂ ಸರಿ ಎಂದು ಹುಡುಗರನ್ನು ಕಣಕ್ಕೆ ಬಿಡಿ.